ಅಪ್ಪಾಜಿಯ ನೆನಪು, ಅಪ್ಪಾಜಿಯ ಕಿವಿ: ಮೆದುಳಿನ ಸಂಶೋಧನೆಗೆ ಹೆಸರು ಕೊಟ್ಟ ಎರಡು ವರ್ಷ

ಮೊದಲೇ ಅಂಕ ಹೇಳಿಬಿಡುತ್ತೇನೆ: 5ಕ್ಕೆ 3.5. ಆರೋಗ್ಯ ಮತ್ತು ಮೆದುಳಿನ ಮೇಲೆ ನಡೆಯುತ್ತಿರುವ ಒಂದು ಅಧ್ಯಯನಕ್ಕೆ ನಾನು ಮತ್ತು ನಮ್ಮ ಅಪ್ಪಾಜಿ ದಾವಣಗೆರೆಯಲ್ಲಿ ಹೆಸರು ಕೊಟ್ಟು ಎರಡು ವರ್ಷ ಆಯಿತು. ಹೋಟೆಲ್ ಬಗ್ಗೆ ಬರೆಯುತ್ತೇವೆ, ಮಿಕ್ಸಿ ಬಗ್ಗೆ ಬರೆಯುತ್ತೇವೆ. ರಕ್ತ ಕೊಟ್ಟು, ಅರ್ಧ ದಿನ ಕೂತು, ಮನೆಯ ವಿಷಯ ಎಲ್ಲ ಹೇಳಿ ಬರುವ ಇಂಥ ಜಾಗದ ಬಗ್ಗೆ ಮಾತ್ರ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹೋಗುವ ಮೊದಲು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು, ನಡೆಸುವವರ ಹೆಸರು ಹಾಕುವುದಿಲ್ಲ. ಅಧ್ಯಯನ ಇನ್ನೂ ನಡೆಯುತ್ತಿದೆ, ನಾವೂ ಇನ್ನೂ ಅದರಲ್ಲಿ ಇದ್ದೇವೆ, ಮತ್ತು ಇಲ್ಲಿ ಹೇಳುವ ತಪ್ಪುಗಳನ್ನೆಲ್ಲ ಅವರೆದುರೇ ಕೂತು ಹೇಳಿ ಆಗಿದೆ.

ಅಪ್ಪಾಜಿಗೆ ಈಗ 73. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಹತ್ತಿ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತು ದುಡಿದವರು. ಇಪ್ಪತ್ತು ವರ್ಷಕ್ಕೂ ಜಾಸ್ತಿ, ಮೂರು ಪಾಳಿಯಲ್ಲೂ. ಮಿಲ್ ಮುಚ್ಚಿದ ಮೇಲೆ ಮಂಡಕ್ಕಿ ಭಟ್ಟಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಾಲ್ಕನೇ ಕ್ಲಾಸು ಓದಿದ್ದರೂ ಅವರ ಕೂಡಿಸುವ ಲೆಕ್ಕ ಕ್ಯಾಲ್ಕುಲೇಟರಿಗಿಂತ ಮುಂಚೆ ಮುಗಿಯುತ್ತಿತ್ತು. ಅಂಥವರು ಮೂರು ವರ್ಷದ ಹಿಂದೆ ಯಾಕೋ ಬೇರೆ ಥರ ಆಗತೊಡಗಿದರು. ಹೇಳಿದ ಮಾತು ಮರೆಯುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಉಪ್ಪು ತನ್ನಿ ಅಂದರೆ ಸೊಪ್ಪು ತರುವುದು. ಮದುವೆ ಮನೆಯಲ್ಲಿ ಯಾರಾದರೂ ಮಾತಾಡಿಸಿದರೆ ಸುಮ್ನೆ ನಕ್ಕು ಪಕ್ಕಕ್ಕೆ ಸರಿಯುತ್ತಿದ್ದರು. "ವಯಸ್ಸಾಯ್ತಲ್ಲ, ಮರೆವು" ಅಂದರು ನಮ್ಮಣ್ಣ. ನನಗೆ ಒಳಗೊಳಗೇ ಭಯ. ನಮ್ಮ ಅಜ್ಜಿ ಕೊನೆಯ ನಾಲ್ಕು ವರ್ಷ ಯಾರನ್ನೂ ಗುರುತು ಹಿಡಿಯಲಿಲ್ಲ, ಅದನ್ನು ನೋಡಿದವಳು ನಾನು.

ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೌಂಟರಿನಲ್ಲಿ ಕೂರುತ್ತೇನೆ. ಒಂದು ದಿನ ಇಬ್ಬರು ಹುಡುಗಿಯರು ಬಂದು ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಲು ಒಪ್ಪಿಗೆ ಕೇಳಿದರು. 45 ವರ್ಷ ದಾಟಿದವರು ಬೇಕು, ಮೆದುಳು ಮತ್ತು ಆರೋಗ್ಯದ ಅಧ್ಯಯನ, ಕಾಯಿಲೆ ಇರಲೇಬೇಕು ಅಂತಿಲ್ಲ, ವರ್ಷಕ್ಕೊಮ್ಮೆ ಬರಬೇಕು. ನನಗೆ ಆಗ 47. ಅಪ್ಪಾಜಿಯನ್ನೂ ಕರೆತರಬಹುದಾ ಅಂದೆ. ಬರಬಹುದು ಅಂದರು.

ಮನೆಯಲ್ಲಿ ಹೇಳಿದ ಕೂಡಲೇ ಗಲಾಟೆ. "ನಿಮ್ಮನ್ನ ಪ್ರಯೋಗದ ಇಲಿ ಮಾಡ್ತಾರೆ" ಅಂತ ಪಕ್ಕದ ಮನೆಯವರು. "ರಕ್ತ ತಗೊಂಡು ಮಾರ್ಕೊಳ್ತಾರೆ" ಅಂತ ಇನ್ನೊಬ್ಬರು. ಇವರನ್ನು ತಪ್ಪು ಅನ್ನಲ್ಲ ನಾನು. ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳು ಕೆಟ್ಟದಾಗಿ ನಡೆದು ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. 2013ರಲ್ಲಿ ಕೋರ್ಟು ಬಿಗಿ ಮಾಡಿದ ಮೇಲೆ, ಮುಂದೆ 2019ರಲ್ಲಿ ಹೊಸ ನಿಯಮಗಳು ಬಂದ ಮೇಲೆ ಪರಿಸ್ಥಿತಿ ಬದಲಾಗಿದೆ. ಆದರೆ ಜನರ ಭಯ ಅಷ್ಟು ಬೇಗ ಹೋಗಲ್ಲ ಅಲ್ವಾ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲೇಬೇಕು. ಇದು ಗೊತ್ತಿಲ್ಲದೇ ಹೋದವರೇ ಆಮೇಲೆ ಬೈಯುವುದು. ಒಂದು ಥರದ ಅಧ್ಯಯನದಲ್ಲಿ ನಿಮಗೆ ಹೊಸ ಔಷಧವನ್ನೋ ಹೊಸ ಚಿಕಿತ್ಸೆಯನ್ನೋ ಕೊಟ್ಟು ಏನಾಗುತ್ತದೆ ಅಂತ ನೋಡುತ್ತಾರೆ. ಅಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧವೇ ಇಲ್ಲದ ಅದೇ ಬಣ್ಣದ ಮಾತ್ರೆ ಕೊಡುವುದೂ ಉಂಟು. ಯಾರಿಗೆ ಯಾವುದು ಸಿಕ್ಕಿತು ಅಂತ ನಿಮಗೂ ಗೊತ್ತಿರಲ್ಲ, ಎಷ್ಟೋ ಸಲ ಕೊಡುವ ಡಾಕ್ಟರಿಗೂ ಗೊತ್ತಿರಲ್ಲ. ಇನ್ನೊಂದು ಥರದಲ್ಲಿ ಏನೂ ಕೊಡಲ್ಲ. ಬಿಪಿ, ಶುಗರ್, ನೆನಪು, ನಿದ್ದೆ, ಊಟ ಎಲ್ಲ ಬರೆದುಕೊಂಡು ವರ್ಷ ವರ್ಷ ಗಮನಿಸುತ್ತಾ ಹೋಗುತ್ತಾರೆ. ನಾವು ಸೇರಿದ್ದು ಈ ಎರಡನೆಯದು. ಎರಡರಲ್ಲೂ ನಿಮ್ಮ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಯಾರೂ ಮಾತು ಕೊಡಲ್ಲ, ಕೊಟ್ಟರೆ ಅನುಮಾನ ಪಡಿ.

ಹಾಗೆ ಮಾತು ಕೊಟ್ಟವರನ್ನೂ ನಾವು ನೋಡಿದ್ದೇವೆ. ಇದಕ್ಕೂ ಎರಡು ವರ್ಷ ಮುಂಚೆ ನಮ್ಮ ಭಾವನಿಗೆ ಶುಗರ್ ಹತೋಟಿಗೆ ಬರುತ್ತಿರಲಿಲ್ಲ. ಬೇರೊಂದು ಕ್ಲಿನಿಕ್ಕಿನಲ್ಲಿ "ಹೊಸ ಮಾತ್ರೆ ಬಂದಿದೆ, ಫ್ರೀ, ಇಲ್ಲೊಂದು ಸೈನ್ ಹಾಕಿ" ಅಂದರು. ಹಾಳೆ ಇಂಗ್ಲಿಷಿನಲ್ಲಿತ್ತು. ಭಾವ ಓದಿದ್ದು ಏಳನೇ ಕ್ಲಾಸು. ನಾನು ಜೊತೆಗಿದ್ದೆ. ಇದು ಪ್ರಯೋಗವಾ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓದಿಸಿಕೊಂಡು ನಾಳೆ ಬರುತ್ತೇವೆ, ಕಾಪಿ ಕೊಡಿ ಅಂದರೆ "ಕಾಪಿ ಕೊಡಲ್ಲ ಮೇಡಂ, ಇವತ್ತೇ ಆಗಬೇಕು, ನಾಳೆ ಸೀಟು ಇರಲ್ಲ" ಅಂದರು. ಬಸ್ಸಿಗೆ ಹತ್ತಿಸುವ ಹಾಗೆ. ಎದ್ದು ಬಂದೆವು. ಅಂಥ ಜಾಗಕ್ಕೆ ನಾನು ಸೊನ್ನೆ ಕೊಡುತ್ತೇನೆ, ಮಾತ್ರೆ ಎಷ್ಟೇ ಒಳ್ಳೆಯದಿರಲಿ.

ಆ ಘಟನೆ ಮನಸ್ಸಿನಲ್ಲಿ ಇದ್ದಿದ್ದಕ್ಕೇ ಈ ಸಲ ಮೊದಲು ನಾನು ಮಾಡಿದ ಕೆಲಸ ಸಿಟಿಆರ್‌ಐ ನೋಂದಣಿ ನಂಬರ್ ಕೇಳಿದ್ದು. ಇದು ನಮ್ಮ ದೇಶದ ಕ್ಲಿನಿಕಲ್ ಟ್ರಯಲ್‌ಗಳ ಸರ್ಕಾರಿ ನೋಂದಣಿ, 2007ರಲ್ಲಿ ಶುರುವಾಗಿದ್ದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೈಯಲ್ಲಿದೆ. 2009ರ ಜೂನ್‌ನಿಂದ ಔಷಧ ಪ್ರಯೋಗಗಳು ಇಲ್ಲಿ ನೋಂದಣಿ ಆಗಲೇಬೇಕು. ನಮ್ಮದರಂಥ ಬರೀ ಗಮನಿಸುವ ಅಧ್ಯಯನಗಳನ್ನೂ ಎಷ್ಟೋ ಜನ ನೋಂದಾಯಿಸುತ್ತಾರೆ. ನಂಬರ್ ಹಾಕಿ ಹುಡುಕಿದರೆ ಯಾರು ನಡೆಸುತ್ತಿದ್ದಾರೆ, ದುಡ್ಡು ಯಾರದು, ಎಷ್ಟು ಜನ ಬೇಕು, ಯಾವ ಊರಿನಲ್ಲಿ, ಸೇರಿದವರಿಗೆ ಅನ್ಯಾಯ ಆಗದ ಹಾಗೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಎಲ್ಲ ಕಾಣುತ್ತದೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. ನೋಟಿಸ್ ಅಂಟಿಸಲು ಬಂದಿದ್ದ ಇಬ್ಬರಲ್ಲಿ ಹರಿಹರದ ಕಡೆಯ ಹುಡುಗಿ ನಂಬರನ್ನು ಹಾಳೆಯ ಮೇಲೇ ತೋರಿಸಿದಳು. ಮನೆಗೆ ಬಂದು ನಮ್ಮ ಮಗನ ಹತ್ತಿರ ಮೊಬೈಲಿನಲ್ಲಿ ತೆಗೆಸಿದೆ. ಇತ್ತು. ಅರ್ಧ ಅಂಕ ಅಲ್ಲೇ ಕೊಟ್ಟೆ.

ಮಿಕ್ಕ ಅಂಕದಲ್ಲಿ ದೊಡ್ಡ ಪಾಲು ಒಪ್ಪಿಗೆ ಪತ್ರ ಓದಿದ ದಿನಕ್ಕೆ. ಹದಿನಾಲ್ಕು ಪುಟ. ಕನ್ನಡದಲ್ಲೇ ಇತ್ತು, ಆದರೆ ಅದೆಂಥ ಕನ್ನಡ! 'ಅಧ್ಯಯನದ ಸಹಭಾಗಿಯು ಸ್ವಇಚ್ಛೆಯಿಂದ ಹಿಂತೆಗೆದುಕೊಳ್ಳಲ್ಪಡುವ ಹಕ್ಕನ್ನು' ಅಂತ ಶುರುವಾದರೆ ಉಸಿರು ತಗೊಳ್ಳಲು ಜಾಗ ಇಲ್ಲ. ಇಂಗ್ಲಿಷಿನಿಂದ ಯಾರೋ ಪದಕ್ಕೆ ಪದ ಇಳಿಸಿದ್ದಾರೆ. ಪುಣ್ಯಕ್ಕೆ ಹರಿಹರದ ಕಡೆಯ ಆ ಹುಡುಗಿ ಹಾಳೆ ಪಕ್ಕಕ್ಕಿಟ್ಟು ಅಪ್ಪಾಜಿಯ ಎದುರು ಕುರ್ಚಿ ಎಳೆದುಕೊಂಡು ಕೂತಳು. "ಅಜ್ಜಾ, ನಿಮಗೆ ಬೇಡ ಅನ್ನಿಸಿದ ದಿನ ಬೇಡ ಅನ್ನಬಹುದು. ಯಾಕೆ ಅಂತ ಹೇಳಬೇಕಾಗಿಲ್ಲ. ಬೇಡ ಅಂದ್ರೂ ಈ ಆಸ್ಪತ್ರೆಯಲ್ಲಿ ನಿಮ್ಮ ಔಷಧ, ನಿಮ್ಮ ಚೀಟಿ, ಯಾವುದೂ ನಿಲ್ಲಲ್ಲ." ಅಪ್ಪಾಜಿ ಕೇಳಿದ ಮೊದಲ ಪ್ರಶ್ನೆ: "ರಕ್ತ ಎಲ್ಲಿ ಇಡ್ತೀರಿ?" ಅವಳು ಹೇಳಿದಳು. ಒಂದು ಭಾಗ ಇಲ್ಲೇ ಪರೀಕ್ಷೆಗೆ, ಒಂದು ಭಾಗ ಬೆಂಗಳೂರಿನಲ್ಲಿ ಫ್ರೀಜರಿನಲ್ಲಿ, ಮುಂದೆ ಜೀನ್ ಪರೀಕ್ಷೆಗೆ ಬೇಕಾಗಬಹುದು ಅಂತ. ಆ ಎರಡನೆಯದಕ್ಕೆ ಬೇರೆ ಕಡೆ ಟಿಕ್ ಹಾಕಬೇಕು, ಹಾಕದಿದ್ದರೂ ಅಧ್ಯಯನದಲ್ಲಿ ಇರಬಹುದು. ಅಪ್ಪಾಜಿ ಹಾಕಲಿಲ್ಲ. ನಾನು ಹಾಕಿದೆ. ಇಬ್ಬರಿಗೂ ಅವಳು ಒಂದೇ ಥರ ತಲೆ ಆಡಿಸಿದಳು, ಒಂದು ಮಾತು ಒತ್ತಾಯ ಮಾಡಲಿಲ್ಲ. ಪತ್ರ ಮನೆಗೆ ತಗೊಂಡು ಹೋಗಿ, ನಾಲ್ಕು ದಿನ ಬಿಟ್ಟು ಬನ್ನಿ ಅಂತ ಅವಳೇ ಹೇಳಿದಳು. ಸೈನ್ ಹಾಕಿದ ದಿನ ಒಂದು ಕಾಪಿ ನಮ್ಮ ಕೈಗೆ ಬಂತು. ಅದರ ಕೊನೆಯ ಪುಟದಲ್ಲಿ ಮುಖ್ಯ ಸಂಶೋಧಕರ ಫೋನ್ ನಂಬರ್, ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಎರಡೂ ಇದ್ದವು. ಓದು ಬರೆಹ ಬಾರದವರಾದರೆ ಹೆಬ್ಬೆಟ್ಟು ಹಾಕುವಾಗ ಅಧ್ಯಯನಕ್ಕೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿ ಇರಬೇಕು, ಇದನ್ನೂ ನೆನಪಿಡಿ.

ಇನ್ನು ನಾನು ಅಂಕ ಕಳೆದ ಕಥೆ.

ನೆನಪಿನ ಪರೀಕ್ಷೆ ಮಾಡಿದ್ದು ಹೊರರೋಗಿ ವಿಭಾಗದ ಪಕ್ಕದ ಒಂದು ಚಿಕ್ಕ ಕೋಣೆಯಲ್ಲಿ. ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ಹೊರಗೆ ಟೋಕನ್ ನಂಬರ್ ಕೂಗುತ್ತಿದ್ದರು. ಅವತ್ತು ಹರಿಹರದ ಹುಡುಗಿ ರಜೆ, ಬೇರೆ ಒಬ್ಬ ಹುಡುಗ ಬಂದಿದ್ದ, ಮಾಸ್ಕ್ ಹಾಕಿಕೊಂಡಿದ್ದ, ಮಾತು ಬೇರೆ ಸ್ವಲ್ಪ ಸ್ಪೀಡು. ಐದು ಪದ ಹೇಳಿ, ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಅನ್ನುವುದು ಪರೀಕ್ಷೆಯ ಒಂದು ಭಾಗ. ಯಾವ ಪದ ಅಂತ ನಾನು ಬರೆಯಲ್ಲ. ಮುಂದೆ ಹೋಗುವವರು ಇದನ್ನು ಓದಿಕೊಂಡು ಹೋದರೆ ಅವರ ಪರೀಕ್ಷೆಯೇ ಕೆಟ್ಟುಹೋಗುತ್ತದೆ. ನಾನು ಬಾಗಿಲ ಹತ್ತಿರ ಕೂತಿದ್ದೆ. ಅಪ್ಪಾಜಿ ಹುಡುಗನ ಬಾಯಿಯನ್ನೇ ನೋಡುತ್ತಿದ್ದರು. ಮಾಸ್ಕ್ ಇದೆಯಲ್ಲ, ಬಾಯಿ ಎಲ್ಲಿ ಕಾಣಬೇಕು. ಅವನು ಹೇಳಿದ ಪದವನ್ನು ಇವರು ಬೇರೆ ಯಾವುದೋ ಪದವಾಗಿ ತಿರುಗಿ ಹೇಳಿದರು, ಹೆಚ್ಚು ಕಡಿಮೆ ಅದೇ ಶಬ್ದ, ಬೇರೆ ಅರ್ಥ. ಉಪ್ಪು, ಸೊಪ್ಪು.

ನನಗೆ ಆಗ ಹೊಳೆಯಿತು. ಇಷ್ಟು ದಿನ ನಾವು ಮರೆವು ಅಂದುಕೊಂಡಿದ್ದು ಕಿವಿ.

ಗಡಿಯಾರದ ಚಿತ್ರ ಬರೆಯಿರಿ ಅಂದಾಗ ಅಪ್ಪಾಜಿ ಪೆನ್ಸಿಲ್ ತಗೊಂಡರು. ಗುಂಡಗೆ ಬರೆದರು. ಮೊದಲು 12, 6, 3, 9 ಹಾಕಿದರು, ಆಮೇಲೆ ನಡುವೆ ತುಂಬಿದರು. ಬೆರಳು ಸ್ವಲ್ಪ ನಡುಗುತ್ತಿತ್ತು, ಆದರೆ ಒಂದು ಅಂಕಿಯೂ ತಪ್ಪಿಲ್ಲ. ಮುಳ್ಳು ಹಾಕುವ ಮೊದಲು ತಲೆ ಎತ್ತಿ "ಎಷ್ಟು ಗಂಟೆ ಅಂದ್ರಿ?" ಅಂತ ಕೇಳಿದರು. ಹುಡುಗ ಮತ್ತೆ ಅದೇ ದನಿಯಲ್ಲಿ ಹೇಳಿದ. ಇವರು ತಮಗೆ ಕೇಳಿಸಿದ ಗಂಟೆಗೆ ಮುಳ್ಳು ಹಾಕಿದರು. ಪಾಳಿಗೆ ಒಂದು ನಿಮಿಷ ತಡವಾಗದೆ ಹೋಗಿ ಬಂದ ಮನುಷ್ಯ ಬರೆದ ಗಡಿಯಾರ ಅದು. ಅದಕ್ಕೆ ಅಂಕ ಕಟ್.

ಕೊನೆಗೆ 30ಕ್ಕೆ 18. ಸಂಜೆ ನನಗೆ ಹೇಳಿದ್ದು "ನೆನಪಿನ ತೊಂದರೆ ಇರಬಹುದು, ಮುಂದೆ ನೋಡೋಣ" ಅಂತ. ನಾನು ಅಲ್ಲೇ ಹೇಳಿದೆ, ಅವರಿಗೆ ಕೇಳಿಸಿಲ್ಲ, ಇದು ನೆನಪಿನ ಪರೀಕ್ಷೆ ಆಗಲಿಲ್ಲ. ಹುಡುಗ ಫಾರಂ ತುಂಬಿ ಆಗಿದೆ ಅಂದ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಕೊನೆಯ ಪುಟದ ನಂಬರಿಗೆ ಫೋನ್ ಮಾಡಿದೆ, ಮುಖ್ಯ ಸಂಶೋಧಕರಿಗೆ. ಎರಡು ಸಲ ಎತ್ತಲಿಲ್ಲ, ಮೂರನೇ ಸಲ ಎತ್ತಿದರು. ಆ ಡಾಕ್ಟರು ನಾನು ಹೇಳಿದ್ದನ್ನು ಪೂರ್ತಿ ಕೇಳಿದರು, ಮಧ್ಯ ಬಾಯಿ ಹಾಕಲಿಲ್ಲ. ಆಮೇಲೆ "ನೀವು ಹೇಳಿದ್ದು ಒಳ್ಳೇದಾಯ್ತು" ಅಂದರು. ಮೊದಲು ಕಿವಿ ಪರೀಕ್ಷೆ, ಆಮೇಲೆ ಮೂರು ತಿಂಗಳು ಬಿಟ್ಟು ಬೇರೆ ಪದಗಳ ಪಟ್ಟಿಯಲ್ಲಿ ಮತ್ತೆ ನೆನಪಿನ ಪರೀಕ್ಷೆ ಅಂತ ನಿರ್ಧಾರ ಆಯಿತು.

ಕಿವಿ ಪರೀಕ್ಷೆಯಲ್ಲಿ ಎರಡೂ ಕಡೆ ಕೇಳಿಸುವುದು ಚೆನ್ನಾಗಿಯೇ ಕಡಿಮೆ ಆಗಿದೆ ಅಂತ ಬಂತು. ತೆಳುವಾದ ದನಿ, ಸಕಾರ ಶಕಾರದಂಥ ಸದ್ದು ಮೊದಲು ಹೋಗುತ್ತದಂತೆ. ಮಗ್ಗದ ಖಾತೆಯಲ್ಲಿ ಅಷ್ಟು ವರ್ಷ, ಕಿವಿಗೆ ಒಂದು ತುಂಡು ಹತ್ತಿಯೂ ಇಡದೆ. ಹತ್ತಿ ಮಿಲ್ಲಿನಲ್ಲಿ ಹತ್ತಿಗೆ ಏನು ಬರ ಇತ್ತು ಹೇಳಿ. ಆದರೆ ಆಗ ಯಾರೂ ಹೇಳಿರಲಿಲ್ಲ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ ಡಿಮೆನ್ಷಿಯಾದ (ನೆನಪು, ಯೋಚನೆ ಕುಗ್ಗುತ್ತಾ ಹೋಗುವ ಕಾಯಿಲೆಯ) ಅಪಾಯ ಹೆಚ್ಚಿಸುವ, ಆದರೆ ನಾವು ಏನಾದರೂ ಮಾಡಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಬಿಪಿ, ಶುಗರ್, ಸಿಗರೇಟು, ಒಂಟಿತನ, ಕಡಿಮೆ ಓದು ಇವುಗಳ ಜೊತೆ ಕಿವಿ ಮಂದ ಆಗುವುದೂ ಅದರಲ್ಲಿದೆ. ಇದನ್ನು ಆ ಡಾಕ್ಟರೇ ನಮಗೆ ಹೇಳಿದ್ದು. ಹಾಗಾದರೆ ನೆನಪಿನ ಅಧ್ಯಯನಕ್ಕೆ ಬಂದವರ ಕಿವಿಯನ್ನು ಮೊದಲ ದಿನವೇ ಯಾಕೆ ನೋಡಲಿಲ್ಲ ಅಂತ ನಾನು ಕೇಳಿದೆ. ಪಟ್ಟಿಯಲ್ಲಿತ್ತಂತೆ, ಕೊನೆಯ ದಿನಕ್ಕೆ ಇಟ್ಟಿದ್ದರಂತೆ. ಒಂದು ಪೂರ್ತಿ ಅಂಕ ಕಳೆದಿದ್ದು ಇದಕ್ಕೇ. ಮಿಲ್ಲಿನ ಊರಿದು. ನಿಟುವಳ್ಳಿ, ಕೆಟಿಜೆ ನಗರದಲ್ಲಿ ಅಪ್ಪಾಜಿಯಂಥವರು ಇನ್ನೆಷ್ಟು ಜನ ಇಲ್ಲ. ಅವರೆಲ್ಲರ ನೆನಪು ಕಡಿಮೆ ಅಂತ ಬರೆದುಕೊಂಡು ಹೋದರೆ ಆ ಲೆಕ್ಕ ಯಾರಿಗೆ ಉಪಯೋಗ?

ಹಿಯರಿಂಗ್ ಏಡ್ ಹಾಕಿಸಿದೆವು. ಅಧ್ಯಯನದವರು ಕೊಡಿಸಲಿಲ್ಲ, ಕೊಡುತ್ತೇವೆ ಅಂತ ಹೇಳಿಯೂ ಇರಲಿಲ್ಲ, ಚೀಟಿ ಬರೆದುಕೊಟ್ಟರು ಅಷ್ಟೇ. ಮೂರು ತಿಂಗಳ ಮೇಲೆ ಹರಿಹರದ ಹುಡುಗಿಯೇ ಕೂತಳು, ಹಿಂಬದಿಯ ಶಾಂತ ಕೋಣೆಯಲ್ಲಿ, ಫ್ಯಾನ್ ಆಫ್ ಮಾಡಿ, ಮಾಸ್ಕ್ ತೆಗೆದು. 25 ಬಂತು. ಅಂಕ ಒಂದನ್ನೇ ನೋಡಿ ಕಾಯಿಲೆ ಇದೆ ಇಲ್ಲ ಅನ್ನಲು ಆಗಲ್ಲ, ಓದಿದ್ದು ಎಷ್ಟು ಅನ್ನುವುದನ್ನೂ ನೋಡಬೇಕು ಅಂತ ಡಾಕ್ಟರು ಎಚ್ಚರಿಕೆಯಿಂದ ಹೇಳಿದರು. ಸರಿ. ಆದರೆ ನನಗೆ ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಕಣ್ಣೀರು ನಿಲ್ಲಲಿಲ್ಲ.

ಇನ್ನೊಂದು ವಿಷಯ ಯಾರೂ ಮುಂಚೆ ಹೇಳಿರಲ್ಲ, ಅದಕ್ಕೆ ಹೇಳುತ್ತೇನೆ. ವಯಸ್ಸಾದವರ ಜೊತೆ ಹೋದವರನ್ನೂ ಬೇರೆ ಕೋಣೆಯಲ್ಲಿ ಕೂರಿಸಿ ಕೇಳುತ್ತಾರೆ. ದುಡ್ಡಿನ ಲೆಕ್ಕ ಸರಿಯಾಗಿ ಇಡುತ್ತಾರಾ, ಗೊತ್ತಿರುವ ದಾರಿ ತಪ್ಪಿದ್ದಾರಾ, ಸ್ನಾನ ಬಟ್ಟೆ ತಾವೇ ಮಾಡಿಕೊಳ್ಳುತ್ತಾರಾ, ಸಿಟ್ಟು ಜಾಸ್ತಿ ಆಗಿದೆಯಾ. ಇದು ಬೇಕಾದ ಪ್ರಶ್ನೆಗಳೇ. ಮನೆಯವರಿಗೆ ಕಾಣುವುದು ಪರೀಕ್ಷೆಯಲ್ಲಿ ಕಾಣದೆ ಇರಬಹುದು. ಆದರೂ ಅಪ್ಪನ ಬೆನ್ನ ಹಿಂದೆ ದೂರು ಹೇಳಿದ ಹಾಗೆ ಅನ್ನಿಸಿ ಗಂಟಲು ಕಟ್ಟಿತು. ಆಟೋದಲ್ಲಿ ಬರುವಾಗ ಅಪ್ಪಾಜಿ "ನನ್ನ ಬಗ್ಗೆ ಏನ್ ಹೇಳ್ದೆ ತಾಯಿ?" ಅಂದರು. ಇದ್ದಿದ್ದು ಇದ್ದಂಗೆ ಹೇಳ್ದೆ ಅಪ್ಪಾಜಿ ಅಂದೆ. "ಹ್ಞೂಂ, ಹಂಗೇ ಹೇಳಬೇಕು" ಅಂದರು. ಜಯದೇವ ಸರ್ಕಲ್ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ.

ಮೆದುಳಿನ ಚಿತ್ರ ತೆಗೆಯುವ ಎಂಆರ್‌ಐ ಸ್ಕ್ಯಾನ್ ಬಗ್ಗೆ ಜನಕ್ಕೆ ಭಯ ಜಾಸ್ತಿ. ಎಕ್ಸ್‌ರೇಯಲ್ಲಿ ಇರುವಂಥ ವಿಕಿರಣ ಇದರಲ್ಲಿಲ್ಲ, ಇದು ದೊಡ್ಡ ಅಯಸ್ಕಾಂತ. ಅದು ಯಾವಾಗಲೂ ಆನ್ ಇರುತ್ತದೆ, ಅದಕ್ಕೇ ಒಳಗೆ ಕಬ್ಬಿಣದ ವಸ್ತು ಹೋದರೆ ಅಪಾಯ. ಪೇಸ್‌ಮೇಕರ್ ಇದೆಯಾ, ಆಪರೇಷನ್ ಆಗಿದೆಯಾ, ವೆಲ್ಡಿಂಗ್ ಅಥವಾ ಲೇತ್ ಕೆಲಸ ಮಾಡಿ ಕಣ್ಣಿಗೆ ಲೋಹದ ಚೂರು ಬಿದ್ದಿದೆಯಾ ಅಂತ ಒಂದು ಪುಟ ಪ್ರಶ್ನೆ ಕೇಳುತ್ತಾರೆ. ಸುಳ್ಳು ಹೇಳಬೇಡಿ, ಮರೆತೂ ಬಿಡಬೇಡಿ. ನನ್ನ ಸರದಿ ಬಂದಾಗ ಬಳೆ, ಓಲೆ, ಮೂಗುತಿ ಎಲ್ಲ ತೆಗೆದೆ. ಕಾಲುಂಗುರ ಇಪ್ಪತ್ತೈದು ವರ್ಷದಿಂದ ತೆಗೆದಿರಲಿಲ್ಲ, ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆಯಬೇಕಾಯಿತು, ಬೆರಳ ಸುತ್ತ ಬೆಳ್ಳಗೆ ಗೆರೆ ಉಳಿದಿತ್ತು. ತಾಳಿಗೆ ಕೈ ಹೋದಾಗ ನಿಂತುಬಿಟ್ಟೆ. ಅಲ್ಲಿನ ಆಯಾ ಏನೂ ಮಾತಾಡದೆ ಡ್ರಾ ಎಳೆದರು. ಅದರಲ್ಲಿ ಅರಿಶಿನ ಹಚ್ಚಿದ ದಾರದ ಉಂಡೆ, ಒಂದು ಡಬ್ಬಿಯಲ್ಲಿ ಅರಿಶಿನದ ಕೊಂಬು. ಒಂದು ಕೊಂಬು ಕಟ್ಟಿ ನನ್ನ ಕೊರಳಿಗೆ ಹಾಕಿದರು, ಆಮೇಲೆ ತಾಳಿ ತೆಗೆದು ನನ್ನ ಕರ್ಚೀಫಿನಲ್ಲೇ ಗಂಟು ಕಟ್ಟಿ ನನ್ನ ಕೈಯಿಂದಲೇ ಲಾಕರಿನಲ್ಲಿ ಇಡಿಸಿ ಕೀ ಕೊಟ್ಟರು. ಇದು ಯಾವ ನಿಯಮದ ಪುಸ್ತಕದಲ್ಲೂ ಇರಲ್ಲ. ಆ ಆಯಾಗೆ ಅಂಕ ಕೊಡಲು ಇಲ್ಲಿ ಜಾಗ ಸಾಲದು.

ಒಳಗೆ ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಕಿವಿಗೆ ಸ್ಪಂಜು, ಮೇಲೆ ಹೆಡ್‌ಫೋನ್, ಕೈಯಲ್ಲಿ ಒಂದು ರಬ್ಬರ್ ಚೆಂಡು, ಕಷ್ಟ ಆದರೆ ಹಿಸುಕಿದರೆ ನಿಲ್ಲಿಸುತ್ತಾರೆ. ಸದ್ದು ತುಂಬಾ ಜೋರು. ನನಗೆ ತಲೆ ಧಿಮ್ ಅಂತು. ಅಪ್ಪಾಜಿ ಹಿಯರಿಂಗ್ ಏಡ್ ತೆಗೆದಿಟ್ಟು ಹೋದವರು ಹೊರಗೆ ಬಂದಾಗ ಮುಖ ಅರಳಿತ್ತು. "ಮಿಲ್ಲಿನಾಗೆ ಮಲಗಿದಂಗಾತು ನೋಡು. ಅದೇ ಲಯ. ಒಂದು ಮಗ್ಗ ನಿಂತು ಇನ್ನೊಂದು ಶುರು ಆದಂಗೆ."

ಇನ್ನು ಉಳಿದ ಅರ್ಧ ಅಂಕ ಹೋದದ್ದು ವರದಿಗೆ. ರಕ್ತ ಪರೀಕ್ಷೆಯ ವರದಿ ಬರಲು ಒಂಬತ್ತು ವಾರ ಹಿಡಿಯಿತು. ವಾಟ್ಸಾಪಿನಲ್ಲಿ ಒಂದು ಪಿಡಿಎಫ್, ಪೂರ್ತಿ ಇಂಗ್ಲಿಷು. ನನ್ನ ಬಿ12 ವಿಟಮಿನ್ ತೀರಾ ಕಡಿಮೆ ಇದೆ ಅನ್ನುವುದು ಮೂರನೇ ಪುಟದಲ್ಲಿ ಒಂದು ದಪ್ಪ ಅಕ್ಷರದ ಸಾಲು. ಯಾರೂ ಫೋನ್ ಮಾಡಿ ಹೇಳಲಿಲ್ಲ. ನಾವು ಸಸ್ಯಾಹಾರಿಗಳು, ನಮ್ಮಲ್ಲಿ ಇದು ಸಾಮಾನ್ಯ. ಕೈಕಾಲು ಜೋಮು, ಸುಸ್ತು, ಮರೆವು ಎಲ್ಲ ಇದರಿಂದಲೂ ಬರಬಹುದು, ಔಷಧ ತಗೊಂಡರೆ ಸರಿಹೋಗುವಂಥದ್ದು. ಆ ಸಾಲು ನನ್ನ ಕಣ್ಣಿಗೆ ಬೀಳದಿದ್ದರೆ? ರಕ್ತ ಕೊಡುವುದಕ್ಕೆ ನಮ್ಮನ್ನು ಕನ್ನಡದಲ್ಲಿ ಕರೆದವರು ಅದರಲ್ಲಿ ಏನಿದೆ ಅನ್ನುವುದನ್ನೂ ಕನ್ನಡದಲ್ಲೇ ಹೇಳಬೇಕು. ಅವರಿಗೆ ಹೀಗೇ ಹೇಳಿದೆ. ಎರಡನೇ ವರ್ಷದ ವರದಿಯ ಜೊತೆ ಕನ್ನಡದಲ್ಲಿ ಒಂದು ಪುಟ ಬಂತು, ಜೊತೆಗೆ ಫೋನೂ ಬಂತು. ನಾನು ಹೇಳಿದ್ದಕ್ಕೇ ಆಯಿತು ಅನ್ನಲ್ಲ, ಬೇರೆಯವರೂ ಹೇಳಿರಬೇಕು.

ದುಡ್ಡಿನ ವಿಷಯ ಚಿಕ್ಕದಾಗಿ. ಓಡಾಟದ ಖರ್ಚು ಮತ್ತು ಅರ್ಧ ದಿನದ ಕೂಲಿ ಅಂತ ಒಬ್ಬರಿಗೆ 500 ರೂಪಾಯಿ, ಬ್ಯಾಂಕಿಗೆ ಬಂತು, ಮೊದಲ ಸಲ ತಡವಾಗಿ. ಇದಕ್ಕಾಗಿ ಹೋಗುವುದಾದರೆ ಹೋಗಬೇಡಿ. ಔಷಧ ಪ್ರಯೋಗವಾದರೆ ಮಾತ್ರ ಒಂದು ಹಕ್ಕು ಗಟ್ಟಿಯಾಗಿ ಕೇಳಿ ತಿಳಿದುಕೊಳ್ಳಿ: ಪ್ರಯೋಗದಿಂದ ತೊಂದರೆ ಆದರೆ ಪುಕ್ಕಟೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಅಂತ 2019ರ ನಿಯಮದಲ್ಲಿದೆ. ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅದರಲ್ಲಿ ಕಾನೂನು ಗೊತ್ತಿರುವವರು ಒಬ್ಬರು, ಒಬ್ಬ ಮಹಿಳೆ, ಮತ್ತೆ ನಮ್ಮ ನಿಮ್ಮಂಥ ಸಾಮಾನ್ಯರು ಒಬ್ಬರು. ಹಾಗಾಗಿ ಆ ಫೋನ್ ನಂಬರ್ ಸುಮ್ನೆ ಅಚ್ಚು ಹಾಕಿದ್ದಲ್ಲ, ಬಳಸಿ.

ಇಷ್ಟೆಲ್ಲ ಆದರೂ ಯಾಕೆ ಮುಂದುವರಿಸಿದಿರಿ ಅಂತ ನಮ್ಮಣ್ಣ ಕೇಳಿದ. ಅಮೆರಿಕದಲ್ಲಿ ಫ್ರೇಮಿಂಗ್‌ಹ್ಯಾಮ್ ಅಂತ ಒಂದು ಊರು. 1948ರಿಂದ ಶುರುವಾಗಿ ಅಲ್ಲಿನ 5,209 ಜನ ಹೀಗೇ ಹೆಸರು ಕೊಟ್ಟರು. ವರ್ಷಾನುಗಟ್ಟಲೆ ಬಂದು ಬಿಪಿ ತೋರಿಸಿ, ರಕ್ತ ಕೊಟ್ಟು ಹೋದರು, ಆಮೇಲೆ ಅವರ ಮಕ್ಕಳು, ಮೊಮ್ಮಕ್ಕಳು. ಬಿಪಿ ಜಾಸ್ತಿ ಆದರೆ, ಸಿಗರೇಟು ಸೇದಿದರೆ, ಕೊಲೆಸ್ಟ್ರಾಲ್ ಏರಿದರೆ ಹೃದಯಕ್ಕೆ ಅಪಾಯ ಅಂತ ಇವತ್ತು ನಮ್ಮೂರಿನ ಮೆಡಿಕಲ್ ಶಾಪಿನವರೂ ಹೇಳುತ್ತಾರಲ್ಲ, ಅದರಲ್ಲಿ ಆ ಊರಿನವರ ಪಾಲು ದೊಡ್ಡದು. ಮೆದುಳಿನ ವಿಷಯದಲ್ಲಿ ನಮ್ಮವರ ಲೆಕ್ಕ ಈಗೀಗ ಶುರುವಾಗಿದೆ. 60 ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅನ್ನುವ ಅಂದಾಜು 2023ರಲ್ಲಿ ಬಂತು. ನಮ್ಮ ರಾಜ್ಯದಲ್ಲೇ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಜನರನ್ನು ಸೇರಿಸುವ ಗುರಿ ಇಟ್ಟುಕೊಂಡು ಅಧ್ಯಯನ ನಡೆಸುತ್ತಿದೆ. ನಾವು ಹೋಗಿದ್ದು ಅದಕ್ಕಲ್ಲ, ಆದರೆ ಕೆಲಸ ಅದೇ ಜಾತಿಯದು. ಬೇರೆ ದೇಶದವರ ಊಟ, ಓದು, ಭಾಷೆ ನೋಡಿ ಮಾಡಿದ ಅಳತೆಗೋಲು ನಮ್ಮ ಅಪ್ಪಾಜಿಗೆ ಸರಿಹೊಂದುತ್ತದಾ ಅಂತ ಗೊತ್ತಾಗಬೇಕಾದರೆ ಅಪ್ಪಾಜಿಯಂಥವರು ಅಲ್ಲಿ ಹೋಗಿ ಕೂರಬೇಕು. ಕಿವಿ ಕೇಳಿಸದ ಮಿಲ್ ಕಾರ್ಮಿಕ ಹೋದದ್ದಕ್ಕೇ ಈಗ ಆ ಅಧ್ಯಯನದಲ್ಲಿ ಎಲ್ಲರಿಗೂ ಮೊದಲ ದಿನವೇ ಕಿವಿ ಪರೀಕ್ಷೆ ಮಾಡುತ್ತಿದ್ದಾರೆ. ಹರಿಹರದ ಹುಡುಗಿಯೇ ಹೇಳಿದಳು.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುತ್ತಾರೆ, ರಕ್ತ ತಗೊಂಡ ಮೇಲೆ ಕೊಡುವುದು ಎರಡು ಬಿಸ್ಕತ್ತು ಒಂದು ಟೀ. ಶುಗರ್ ಇರುವವರು ಮನೆಯಿಂದ ತಿಂಡಿ ಕಟ್ಟಿಸಿಕೊಂಡು ಹೋಗಿ. ನಾವು ಎರಡನೇ ವರ್ಷ ಕೆಲಸ ಮುಗಿಸಿ ಬೆಣ್ಣೆ ದೋಸೆ ತಿಂದು ಬಂದೆವು, ಅಪ್ಪಾಜಿ ಸಪ್ಲೈಯರ್ ಹುಡುಗ ಹೇಳಿದ ಬಿಲ್ಲನ್ನು ಒಂದೇ ಸಲಕ್ಕೆ ಕೇಳಿಸಿಕೊಂಡು ಐದು ರೂಪಾಯಿ ಜಾಸ್ತಿ ಹೇಳಿದ್ದೀಯ ಅಂತ ಲೆಕ್ಕ ತಿದ್ದಿದರು. ತಗೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಓದುವ ಕನ್ನಡಕ, ಹಿಯರಿಂಗ್ ಏಡ್, ಅದರ ಎರಡು ಸೆಲ್ಲು ಜಾಸ್ತಿ ಇರಲಿ. ಕನ್ನಡಕ ಮರೆತು ಹೋಗಿದ್ದರೆ, ಹೊರಗೆ ಗಲಾಟೆ ಇದ್ದರೆ, ಕೇಳುವವರ ಮಾತು ಅರ್ಥ ಆಗದಿದ್ದರೆ ಅವತ್ತಿನ ಪರೀಕ್ಷೆ ಬೇಡ, ಇನ್ನೊಂದು ದಿನ ಕೊಡಿ ಅನ್ನಿ. ಅಪ್ಪಾಜಿ ಹೋದ ಸಲ ತಾವೇ ಹಾಗೆ ಅಂದರು. ಕಾರಿಡಾರಿನಲ್ಲಿ ಟೈಲ್ಸ್ ಒಡೆಯುತ್ತಿದ್ದರು, ಅಪ್ಪಾಜಿ ಎದ್ದು ಚಪ್ಪಲಿ ಹಾಕಿಕೊಂಡು "ಗುರುವಾರ ಬರ್ತೀನಮ್ಮ" ಅಂದರು. ಗುರುವಾರ ಹೋದೆವು.